ಮೂಳೆಗೆ ಹತ್ತುವ ಗೆದ್ದಲು

1844ರ ಸೆಪ್ಟೆಂಬರ್. ಲಂಡನ್ನಿನ ವ್ಯಾಪಾರಿ ಥಾಮಸ್ ಮೆಕ್‌ಬೀನ್ ರಜೆಯ ಮೇಲೆ ಹೋಗಿದ್ದಾಗ, ನೆಲದಡಿಯ ಗುಹೆಯೊಂದರಿಂದ ಮೇಲಕ್ಕೆ ನೆಗೆದ. ಎದೆಯೊಳಗೆ ಏನೋ ಲಟಕ್ಕೆಂದ ಹಾಗಾಯಿತು. ಆತನಿಗೆ ಆಗ ಸುಮಾರು 45 ವರ್ಷ. ಪಟ್ಟು ಹಾಕಿದರು, ಜಿಗಣೆ ಬಿಟ್ಟರು, ರಕ್ತ ತೆಗೆದರು. (ಆ ಕಾಲದ ವೈದ್ಯವೇ ಹಾಗಿತ್ತು!) ನೋವು ಬಿಡಲಿಲ್ಲ. 1846ರ ಜನವರಿ 1ರಂದು ಆತ ತೀರಿಕೊಂಡ. ಶವಪರೀಕ್ಷೆ ಮಾಡಿದಾಗ ಪಕ್ಕೆಲುಬುಗಳು ಚಾಕುವಿನಿಂದ ಸುಲಭವಾಗಿ ಕತ್ತರಿಸುವಷ್ಟು ಮೆತ್ತಗಾಗಿದ್ದವು.

ಇಂದು ಈ ರೋಗಕ್ಕೆ ಮಲ್ಟಿಪಲ್ ಮೈಲೋಮ ಎಂದು ಹೆಸರು. ಇದು ಅಸ್ಥಿಮಜ್ಜೆಯ ಕ್ಯಾನ್ಸರ್. ಮೂಳೆ ಎಂದರೆ ಕಲ್ಲುಕಂಬವಲ್ಲ. ಅಲ್ಲಿ ಹಳೆಯದನ್ನು ಕೆಡವುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಬದುಕಿನುದ್ದಕ್ಕೂ ದುಡಿಯುತ್ತಿರುತ್ತವೆ. ಪ್ರತಿಕಾಯಗಳನ್ನು ತಯಾರಿಸಬೇಕಾದ ಪ್ಲಾಸ್ಮಾ ಕೋಶಗಳು ಮಜ್ಜೆಯಲ್ಲಿ ಹದ್ದು ಮೀರಿ ಬೆಳೆದಾಗ, ಕೆಡವುವ ಕೋಶಗಳಿಗೆ ಕುಮ್ಮಕ್ಕು ಸಿಗುತ್ತದೆ, ಕಟ್ಟುವ ಕೋಶಗಳ ಕೈ ಕಟ್ಟಿದಂತಾಗುತ್ತದೆ. ಎಕ್ಸ್‌-ರೇಯಲ್ಲಿ ಮೂಳೆ ತೂತುತೂತಾಗಿ ಕಾಣುತ್ತದೆ. ಜೋರಾಗಿ ಕೆಮ್ಮಿದರೂ ಪಕ್ಕೆಲುಬು ಮುರಿಯಬಹುದು. ಬೆನ್ನುಮೂಳೆಯ ಮಣಿಗಳು ಕುಸಿದು ಮನುಷ್ಯ ಕುಳ್ಳಗಾಗಬಹುದು. ನರಹುರಿ ಒತ್ತಿಹೋಗಿ ಕಾಲುಗಳ ಶಕ್ತಿ ಉಡುಗಿದರಂತೂ ಅಂದೇ ಆಸ್ಪತ್ರೆಗೆ ಹೋಗಬೇಕು, ನಾಳೆ ಎನ್ನುವಂತಿಲ್ಲ. ಮೂಳೆಯಿಂದ ಕರಗಿದ ಕ್ಯಾಲ್ಸಿಯಂ ರಕ್ತದಲ್ಲಿ ಹೆಚ್ಚಾದರೆ ಬಾಯಾರಿಕೆ, ಮಲಬದ್ಧತೆ, ಮಂಕು.

ಮೆಕ್‌ಬೀನನ ಮೂತ್ರವನ್ನು ವೈದ್ಯರು 1845ರ ನವೆಂಬರ್‌ನಲ್ಲಿ ಹೆನ್ರಿ ಬೆನ್ಸ್ ಜೋನ್ಸ್ ಎಂಬ ರಸಾಯನ ಬಲ್ಲ ವೈದ್ಯನಿಗೆ ಕಳುಹಿಸಿದ್ದರು. ಅದರಲ್ಲೊಂದು ವಿಚಿತ್ರ ಪ್ರೋಟೀನು! ಮೊಟ್ಟೆಯ ಬಿಳಿಭಾಗ ಬಿಸಿಗೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಈ ಪ್ರೋಟೀನಾದರೋ ಬಿಸಿಗೆ ಒಡೆದ ಹಾಲಿನಂತಾಗಿ, ಕುದಿಯುವ ಹೊತ್ತಿಗೆ ಕರಗಿ, ತಣಿದಾಗ ಮತ್ತೆ ಕಾಣಿಸಿಕೊಳ್ಳುತ್ತದೆ. ಅದು ಪ್ರತಿಕಾಯದ ತುಂಡೆಂದು ಖಚಿತವಾದದ್ದು 1962ರಲ್ಲಿ. ಮೂತ್ರಪಿಂಡಗಳನ್ನು ಕೆಡಿಸುವುದೂ ಇದೇ ತುಂಡು. ಕೆಲವರಲ್ಲಿ ಇದು ಮಣಿಕಟ್ಟು, ಭುಜಗಳಲ್ಲಿ ಶೇಖರವಾಗಿ ಕೀಲುವಾತದಂತೆ ಕಾಡುವುದುಂಟು.

ಅಜ್ಜನ ಬೆನ್ನುನೋವೆಲ್ಲ ಮೈಲೋಮವಲ್ಲ. ಬಹುಪಾಲು ಅಲ್ಲವೇ ಅಲ್ಲ. ಆದರೆ ನೋವು ವಾರಗಟ್ಟಲೆ ಬಿಡದಿದ್ದು, ಜೊತೆಗೆ ರಕ್ತಹೀನತೆ, ಸುಸ್ತು ಇದ್ದರೆ 'ವಾಯು' ಎಂದು ಸುಮ್ಮನಿರದೆ ರಕ್ತ, ಮೂತ್ರಗಳ ಪರೀಕ್ಷೆ ಮಾಡಿಸಬೇಕು. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತಿದ್ದರೆ ಮೊದಲೇ ಸೋತ ಮೂತ್ರಪಿಂಡಕ್ಕೆ ಇನ್ನೊಂದು ಪೆಟ್ಟು.

ಕ್ಯಾನ್ಸರಿನ ಚಿಕಿತ್ಸೆಯ ಜೊತೆಗೆ ಮೂಳೆ ಕೆಡವುವ ಕೋಶಗಳನ್ನು ತಡೆಯಲು ಝೋಲೆಡ್ರಾನಿಕ್ ಆಮ್ಲದಂತಹ ಚುಚ್ಚುಮದ್ದುಗಳಿವೆ. ಇವು ಅಪರೂಪಕ್ಕೆ ದವಡೆಯ ಮೂಳೆಗೆ ತೊಂದರೆ ಕೊಡುವುದರಿಂದ, ಹುಳುಕು ಹಲ್ಲಿದ್ದರೆ ಮೊದಲೇ ಸರಿಪಡಿಸಿಕೊಳ್ಳಬೇಕು. ಬೆನ್ನುನೋವಿಗೆಂದು ಹೋದವರನ್ನು ಡಾಕ್ಟರು ಹಲ್ಲಿನ ವೈದ್ಯರಲ್ಲಿಗೆ ಕಳುಹಿಸುವುದು ಇದಕ್ಕೇ.