ಕೊಬ್ಬರಿಗೆ ಬೆಲೆ ಐತೆ, ಸುಲಿದ ಕೈಗೆ?



ತಿಪಟೂರು ಮಾರ್ಕೆಟ್ಟಿನಲ್ಲಿ ಕೊಬ್ಬರಿ ಬೆಲೆ ಬಿದ್ದರೆ ಎಲ್ಲ ಪಕ್ಷದವರೂ ಮೈಕ್ ಹಿಡಿಯುತ್ತಾರೆ. ಹಿಡಿಯಲಿ. ತೆಂಗು ಬೆಳೆದವನ ಕಷ್ಟ ಸುಳ್ಳಲ್ಲ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಗೊತ್ತಾಯಿತು. ಆದರೆ ಮರ ಹತ್ತಿದವನಿಗೆ, ಮಟ್ಟೆ ಸುಲಿದವನಿಗೆ, ಚಿಪ್ಪು ಒಡೆದ ಹೆಣ್ಣುಮಕ್ಕಳಿಗೆ, ಮೂಟೆ ಹೊತ್ತ ಹಮಾಲನಿಗೆ ಬೆಂಬಲ ಕೂಲಿ ಎಷ್ಟು ಅಂತ ಆ ಮೈಕಿನಲ್ಲಿ ಕೇಳಿದ್ದು ನಮ್ಮ ಕಿವಿಗೆ ಬಿದ್ದಿಲ್ಲ. ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತು ಕೊಬ್ಬರಿಯಾಗುತ್ತದೆ. ಕೂಲಿಯವನ ಹೊಟ್ಟೆ ಅಷ್ಟು ದಿನ ಕಾಯಲ್ಲ.

ಹಾಸ್ಟೆಲಿನಲ್ಲಿ ಕೂತು ಇದನ್ನು ಓದುವ ನಮ್ಮಲ್ಲಿ ಬಹಳ ಜನ ಆ ಕೈಗಳ ಮಕ್ಕಳೇ. ಕಾಲೇಜು ಫಾರಮ್ಮಿನಲ್ಲಿ ತಂದೆಯ ಉದ್ಯೋಗ ಎಂಬ ಕಡೆ 'ವ್ಯವಸಾಯ' ಅಂತ ಬರೆದಿದ್ದೇವೆ. ಇಲ್ಲದ ಹೊಲವನ್ನು ಬರೆದಿದ್ದೇವೆ. 'ಕೂಲಿ' ಅನ್ನೋ ಎರಡಕ್ಷರಕ್ಕೆ ಪೆನ್ನು ಯಾಕೆ ನಡುಗಿತು?

'ಯೂನಿಯನ್ನು ಕೆಂಪು ಬಾವುಟದವರದು ಕಣ್ರೀ, ನಮ್ಮದು ಜಾತಿ ಪ್ರಶ್ನೆ' ಎನ್ನುವ ಗೆಳೆಯರಿದ್ದಾರೆ. ಇದು ಬಾಬಾಸಾಹೇಬರನ್ನು ಅರ್ಧ ಓದಿದವರ ಮಾತು. 1936ರಲ್ಲಿ ಅವರು ಕಟ್ಟಿದ್ದು ಸ್ವತಂತ್ರ ಕಾರ್ಮಿಕ ಪಕ್ಷ. 1938ರ ಫೆಬ್ರವರಿಯಲ್ಲಿ ಮನಮಾಡಿನ ರೈಲ್ವೆ ದಲಿತ ಕಾರ್ಮಿಕರಿಗೆ ಹೇಳಿದ್ದು, ಶತ್ರುಗಳು ಇಬ್ಬರು, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಅಂತ. ಅದೇ ವರ್ಷ ನವೆಂಬರ್ 7ರಂದು, ಮುಷ್ಕರದ ಕೈ ಕಟ್ಟುವ ಕೈಗಾರಿಕಾ ವಿವಾದ ಮಸೂದೆಯ ವಿರುದ್ಧ, ಕಮ್ಯುನಿಸ್ಟರ ಜೊತೆ ನಿಂತೇ ಮುಂಬಯಿಯಲ್ಲಿ ಮುಷ್ಕರ ನಡೆಸಿದರು.

ಹಾಗಂತ ಅವರು ಯೂನಿಯನ್ನಿಗೆ ಪ್ರಶ್ನೆ ಹಾಕದೆ ಬಿಡಲಿಲ್ಲ. ಮುಂಬಯಿ ಗಿರಣಿಗಳಲ್ಲಿ ಹೆಚ್ಚು ಕೂಲಿಯ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರನ್ನು ಸೇರಿಸುತ್ತಿರಲಿಲ್ಲ. ಲಾಳಿಯ ನೂಲನ್ನು ಬಾಯಿಂದ ಎಳೆಯಬೇಕಿತ್ತು, ಎಂಜಲು ಮುಟ್ಟೋರು ಯಾರು? ತಡೆದವನು ಗಿರಣಿ ಮಾಲೀಕ ಒಬ್ಬನೇ ಅಲ್ಲ, ಪಕ್ಕದ ಮಗ್ಗದ ಕಾರ್ಮಿಕನೂ ಹೌದು.

ನಮ್ಮ ಸಮಾಜವಾದಿಗಳಿಗೂ ಇದೇ ಪ್ರಶ್ನೆ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದಾಗ ಶಾಂತವೇರಿ ಗೋಪಾಲಗೌಡರು ಜೊತೆಗಿದ್ದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದು ದೊಡ್ಡ ಹೋರಾಟ, ಸಣ್ಣದು ಮಾಡುವುದಿಲ್ಲ. ಅರಸು ಕಾಲದಲ್ಲಿ, 1974ರಲ್ಲಿ, ಭೂಸುಧಾರಣೆಯ ಕಾನೂನು ಬಿಗಿಯಾಯಿತು. ಆದರೆ ಫಾರಂ ನಂಬರ್ 7 ಗೇಣಿದಾರನಿಗೆ. ತೆಂಗಿನ ತೋಟದಲ್ಲಿ ದಿನಗೂಲಿಗೆ ಪಾತಿ ಮಾಡಿದವನು ಯಾವ ಫಾರಂ ತುಂಬಬೇಕಿತ್ತು?

ಲೋಹಿಯಾ ದಾರಿಯ ಬಾಬಾ ಆಢಾವ್ ಪುಣೆಯಲ್ಲಿ ಹಮಾಲರನ್ನು ಸೇರಿಸಿ ಹಮಾಲ್ ಪಂಚಾಯತ್ ಕಟ್ಟಿದರು. ಅವರೇ 1970ರ ದಶಕದಲ್ಲಿ 'ಒಂದು ಊರು, ಒಂದು ನೀರಿನ ತಾಣ' ಅಂತ ಹಳ್ಳಿ ಹಳ್ಳಿ ತಿರುಗಿದರು. ಮೂಟೆಯ ಭಾರವೂ ಬಾವಿಯ ಮಡಿಯೂ ಅವರಿಗೆ ಬೇರೆ ಬೇರೆ ಆಗಿರಲಿಲ್ಲ. ಮಹಾರಾಷ್ಟ್ರದಲ್ಲಿ 1969ರಲ್ಲೇ ಹೊರೆ ಹೊರುವವರಿಗೆ ಮಾಥಾಡಿ ಕಾಯಿದೆ ಬಂತು. ಅಲ್ಲಿನ ಮಾರುಕಟ್ಟೆ ಸಮಿತಿಯಲ್ಲಿ ಹಮಾಲರೇ, ತೂಕದವರೇ ಓಟು ಹಾಕಿ ಕಳಿಸುವ ಒಂದು ಸ್ಥಾನ ಇದೆ. ಒಂದೇ ಒಂದು, ನಿಜ. ಆದರೂ ಬೆವರಿನವನು ಮೀಟಿಂಗಿನ ಕುರ್ಚಿ ಮೇಲೆ ಕೂರುತ್ತಾನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯಲ್ಲಿ ಅಂಥ ಕುರ್ಚಿ ಕೇಳಿದವರು ಯಾರು?

ಒಬ್ಬನಿಗೆ ಒಂದು ಓಟು ಸಿಕ್ಕಿತು, ಬದುಕಿನಲ್ಲಿ ಒಬ್ಬನಿಗೆ ಒಂದೇ ಬೆಲೆ ಇಲ್ಲ ಎಂದು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಎಚ್ಚರಿಸಿದ್ದರು. ಬೆಳಿಗ್ಗೆ ಓಟು ಹಾಕಿ ಬಂದ ನಮ್ಮಪ್ಪ ಮಧ್ಯಾಹ್ನ ತೋಟದ ಬೇಲಿ ಹೊರಗೆ ನಿಂತು 'ಸ್ವಾಮೀ, ನಾಳೆ ಕೆಲ್ಸ ಐತಾ?' ಅಂತ ಕೇಳುತ್ತಾನೆ. ಆ ಬೇಲಿ ಹತ್ತಿರ ಅವನೊಬ್ಬನೇ. ಹತ್ತು ಜನ ಒಟ್ಟಿಗೆ ನಿಂತರೆ ಕೇಳುವ ಮಾತೇ ಬೇರೆ ಆಗುತ್ತೆ.

ಸಂಘ ಕಟ್ಟೋರು ಅವರು. ಅರ್ಜಿ ಬರೆಯೋರು, ಲೆಕ್ಕ ಇಡೋರು ನಾವು. ಭಾಷಣ ಮಾಡಕ್ಕೆ ಹೋಗಬೇಡಿ, ಅದು ಅವರಿಗೆ ಸಾಕಾಗಿದೆ. ರಜಕ್ಕೆ ಊರಿಗೆ ಹೋದಾಗ ಸಾವಿರ ಕಾಯಿ ಸುಲಿದರೆ ಎಷ್ಟು, ಹೆಂಗಸರಿಗೆ ಎಷ್ಟು ಕಡಿಮೆ, ಮರದಿಂದ ಬಿದ್ದವನಿಗೆ ಆಸ್ಪತ್ರೆ ಖರ್ಚು ಯಾರು ಕೊಟ್ಟರು, ಕಾಫಿ ಲೋಟ ಬೇರೆ ಇಟ್ಟಿದ್ದಾರಾ, ಕೇಳಿ ಬರೆದುಕೊಂಡು ಬನ್ನಿ. ಹೆಸರು ಬೇಡ, ಊರು ಸಾಕು. ಮುಂದಿನ ಸಂಚಿಕೆಯ ಎರಡು ಸ್ಟೆನ್ಸಿಲ್ ಅದಕ್ಕೇ ಖಾಲಿ ಇಟ್ಟಿದ್ದೇವೆ.