‘ಪರಿಶೀಲನೆಯಲ್ಲಿದೆ’ ಅಂದ್ರೆ ಏನು?

ನಾನು ಲಿಂಗಸುಗೂರಿನವನು ಅಂದ ಕೂಡಲೇ ಹಾಸ್ಟೆಲ್‌ನಲ್ಲಿ ಕೇಳೋ ಮೊದಲ ಪ್ರಶ್ನೆ, “ಮನೇಲಿ ಎಷ್ಟು ಚಿನ್ನ ಇದೆಯೋ?” ಹಟ್ಟಿ ಗಣಿ ನಮ್ಮ ತಾಲ್ಲೂಕಿನಲ್ಲಿದೆ, ಅಷ್ಟೇ. ನಮ್ಮ ಮನೇಲಿ ಇರೋದು ಕಾಕಾನ ಒಂದು ಫೈಲು.

ಕಾಕಾ ದೂರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಅಲ್ಲಿ ಬೆಲ್ಟ್ ಮೇಲಿನ ಗಾರ್ಡ್ ತೆಗೆಯೋಕೆ ಎಂಟು ಬೋಲ್ಟ್ ಬಿಚ್ಚಬೇಕು. ದಿನಾ ಕ್ಲೀನ್ ಮಾಡೋರಿಗೆ ಬೇಜಾರು, ಹಾಗಾಗಿ ವಾಪಸ್ ಹಾಕುವಾಗ ಮೂರೇ ಬೋಲ್ಟ್ ಹಾಕಿ ಬಿಡ್ತಾರೆ. ಒಂದು ಕಡೆ ಕೀಲು ಹಾಕಿದ್ರೆ ಇನ್ನೊಂದು ಕಡೆ ಎರಡು ಬೋಲ್ಟ್ ಸಾಕು ಅನ್ನೋದು ಕಾಕಾನ ಐಡಿಯಾ. ಕಂಪನಿಯವರು “ನಿಮ್ಮ ಐಡಿಯಾ ಕೊಡಿ” ಅಂತ ಪೋಸ್ಟರ್ ಹಚ್ಚಿದ್ರು. ಫಾರಂ ಇಂಗ್ಲಿಷಿನಲ್ಲಿತ್ತು, ರಜೆಗೆ ಬಂದಿದ್ದ ನಾನೇ ತುಂಬಿದೆ. “ಇದರಿಂದ ಎಷ್ಟು ಹಣ ಉಳಿಯುತ್ತದೆ?” ಅಂತ ಒಂದು ಕಾಲಂ. ಕಾಕಾನ್ನ ಕೇಳಿದೆ. “ರೊಕ್ಕ ಏನ್ ಉಳಿಯಂಗಿಲ್ಲಪಾ, ಬೆರಳು ಉಳಿತಾವ” ಅಂದ. ನಾನು ‘ನಿಲ್’ ಅಂತ ಬರೆದೆ.

ಒಂದೂವರೆ ವರ್ಷ ಆಯ್ತು. ಕೇಳಿದಾಗೆಲ್ಲ ಬರೋ ಉತ್ತರ, “ಪರಿಶೀಲನೆಯಲ್ಲಿದೆ.”

ಇಂಥ ಯೋಜನೆಗಳ ದೋಷ ಪೆಟ್ಟಿಗೆಯಲ್ಲಿಲ್ಲ, ಪೆಟ್ಟಿಗೆ ತೆರೆದ ಮೇಲೆ ಏನಾಗುತ್ತೆ ಅನ್ನೋದ್ರಲ್ಲಿದೆ. ಐಡಿಯಾಗೆ ಅಂಕ ಕೊಡೋರು ಯಾರು? ಆ ಗಾರ್ಡ್ ಕೂರಿಸಿದ ವಿಭಾಗದವರೇ! ತಮ್ಮ ಕೆಲಸದ ತಪ್ಪು ತೋರಿಸಿದ ಕಾಗದಕ್ಕೆ ಅವರು ಹತ್ತಕ್ಕೆ ಹತ್ತು ಕೊಡ್ತಾರಾ? ಜೊತೆಗೆ ಉಳಿತಾಯಕ್ಕೇ ಹೆಚ್ಚು ಅಂಕ. ಅಂದ್ರೆ ಕಾಕಾನ ಐಡಿಯಾಗೆ ಮೊದಲ ಸೊನ್ನೆ ಹಾಕಿದವನು ನಾನೇ.

ಇನ್ನೊಂದು ಕಾಲಂ, “ಇದು ನಿಮ್ಮ ಕೆಲಸಕ್ಕೆ ಸಂಬಂಧಿಸಿದ್ದೇ?” ನಮ್ಮ ಪಕ್ಕದ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನ ಕಂಡುಹಿಡಿದದ್ದು ಬೀಡನ್ ಅನ್ನೋ ಗಣಿ ಎಂಜಿನಿಯರ್. ಶಾಸನ ಹುಡುಕೋದು ಅವರ ಕೆಲಸ ಅಲ್ಲವೇ ಅಲ್ಲ. ಈ ಫಾರಂ ಕೊಟ್ಟಿದ್ರೆ ‘ಇಲ್ಲ’ ಅಂತ ಟಿಕ್ ಹಾಕಬೇಕಿತ್ತು ಪಾಪ. ಹಟ್ಟಿಯ ಹಳೇ ಕಾಲದ ಗಣಿಗಾರರೂ ಬಂಡೆಗೆ ಬೆಂಕಿ ಹಚ್ಚಿ ಕಾಯಿಸಿ ಸೀಳುತ್ತಿದ್ದರು. ಅದನ್ನ ಮೊದಲು ಹೊಳೆಸಿಕೊಂಡವನು ಬಂಡೆ ಮುಂದೆ ನಿಂತವನೇ ಇರಬೇಕು.

ಟೊಯೋಟಾ ಕಂಪನಿಯವರು ಅಮೆರಿಕದ ಫೋರ್ಡ್ ಕಾರ್ಖಾನೆಯ ಸಲಹೆ ಪದ್ಧತಿ ನೋಡಿ ಬಂದು 1951ರಲ್ಲಿ ತಮ್ಮಲ್ಲೂ ಶುರುಮಾಡಿದ್ರು. ಅಲ್ಲಿ ಒಂದು ಹೆಜ್ಜೆ ಉಳಿಸೋ ಸಣ್ಣ ಸಲಹೆಗೂ ಬೆಲೆ ಇದೆ. ನಮ್ಮಲ್ಲಿ ಇನ್ನೋವೇಷನ್ ಅಂದ್ರೆ ಡ್ರೋನ್, ಎಐ ಇರಬೇಕು. ಕೀಲು, ಬೋಲ್ಟ್ ಅಂದ್ರೆ ನಗ್ತಾರೆ. ನಮ್ಮ ಕ್ಲಾಸಲ್ಲೂ ಅಷ್ಟೇ ಬಿಡಿ.

ನನ್ನ ಪ್ರಕಾರ ಸಣ್ಣ ಖರ್ಚಿನ ಐಡಿಯಾ ಕಮಿಟಿ ತನಕ ಹೋಗಲೇಬಾರದು. ಶಿಫ್ಟಿನ ಸೂಪರ್‌ವೈಸರ್‌ಗೇ ಒಪ್ಪುವ ಅಧಿಕಾರ ಇರಲಿ, ಒಂದು ಯಂತ್ರದ ಮೇಲೆ ವಾರ ನೋಡಲಿ. ಸುರಕ್ಷತೆಯ ವಿಷಯ ಇರೋದ್ರಿಂದ ಸೇಫ್ಟಿ ಆಫೀಸರ್ ಸಹಿ ಬೇಕೇ ಬೇಕು, ಒಪ್ಪಿದೆ. ದೊಡ್ಡ ಖರ್ಚಿನದು ಕಮಿಟಿಗೆ ಹೋಗಲಿ, ಆದ್ರೆ ಅಂಕ ಕೊಡೋರಲ್ಲಿ ಬೇರೆ ವಿಭಾಗದ ಒಬ್ಬ ಕಾರ್ಮಿಕನೂ ಇರಲಿ. ಮೂವತ್ತು ದಿನದಲ್ಲಿ ಹೌದು ಅಥವಾ ಇಲ್ಲ. ಇಲ್ಲ ಅಂದ್ರೆ ಯಾಕೆ ಅಂತ ಎರಡು ಸಾಲು, ಕನ್ನಡದಲ್ಲಿ. ಬಹುಮಾನ ಆಮೇಲೆ. ಕಾಕಾ ಒಂದು ದಿನಾನೂ ಬಹುಮಾನದ ಬಗ್ಗೆ ಕೇಳಿಲ್ಲ.

ಹೋದ ರಜೆಯಲ್ಲಿ, “ಇನ್ನೊಂದು ಫಾರಂ ತುಂಬೋಣ ಕಾಕಾ, ಈ ಸಲ ‘ನಿಲ್’ ಬರೆಯಲ್ಲ, ನೀ ಹೇಳಿದ್ದನ್ನೇ ಬರೀತೀನಿ” ಅಂದೆ.

“ಮೊದಲಿಂದಕ್ಕ ಉತ್ತರ ಬರ್ಲಿ ತಡೀ” ಅಂದ.