ಕ್ಯಾಂಟರ್‌ಬರಿಯನ್ನು ಕೋಟೆಬಾಗಿಲ ಆಚೆಯಿಂದ ನೋಡಬೇಕು

ಲಂಡನ್ನಿನಿಂದ ಹೊರಡುವ ಒಂದು ದಿನದ ಬಸ್ ಪ್ರವಾಸಗಳಲ್ಲಿ ಜನಪ್ರಿಯವಾದ ಒಂದು ಹೀಗಿರುತ್ತದೆ: ಬೆಳಿಗ್ಗೆ ಲೀಡ್ಸ್ ಕ್ಯಾಸಲ್, ನಡುವೆ ಕ್ಯಾಂಟರ್‌ಬರಿ, ಸಂಜೆಯೊಳಗೆ ಡೋವರ್‌ನ ಬಿಳಿ ಬಂಡೆಗಳು. ಮಕ್ಕಳು ಮೊಮ್ಮಕ್ಕಳನ್ನು ನೋಡಲೆಂದು ಇಂಗ್ಲೆಂಡಿಗೆ ಹೋಗುವ ನಮ್ಮ ಹಿರಿಯರಲ್ಲೂ ಎಷ್ಟೋ ಮಂದಿ ಇಂಥ ಬಸ್ಸನ್ನೇ ಹತ್ತುತ್ತಾರೆ. ಕ್ಯಾಂಟರ್‌ಬರಿಯ ಪಾಲಿಗೆ ಬರುವುದು ಒಂದೆರಡು ಗಂಟೆ. ಅದಷ್ಟೂ ಕ್ಯಾಥೆಡ್ರಲ್‌ಗೆ ಮತ್ತು ಅದರ ಸುತ್ತಲ ಅಂಗಡಿಬೀದಿಗೆ ಖರ್ಚಾಗುತ್ತದೆ. ಈ ಕ್ರಮವನ್ನು ತಿರುವಿ ಹಾಕಬೇಕು ಎಂಬುದು ನನ್ನ ವಾದ. ಕ್ಯಾಥೆಡ್ರಲ್ ನೋಡುವುದು ಬೇಡವೆಂದಲ್ಲ, ಅದನ್ನು ಕೊನೆಗೆ ನೋಡಬೇಕು. ಮೊದಲು ನೋಡಬೇಕಾದದ್ದು ಊರಿನ ಪಶ್ಚಿಮದ ಕೋಟೆಬಾಗಿಲಿನ ಹೊರಗೆ, ಹಳೆಯ ಲಂಡನ್ ರಸ್ತೆಯ ಉದ್ದಕ್ಕೂ ಹಬ್ಬಿರುವ ಸೇಂಟ್ ಡನ್‌ಸ್ಟನ್ಸ್ ಎಂಬ ಹೊರಪೇಟೆ ಮತ್ತು ಅದರಾಚೆ ಒಂದು ಮೈಲಿಯಷ್ಟು ದೂರದಲ್ಲಿ ದಿಬ್ಬದ ಮೇಲಿರುವ ಹಾರ್ಬಲ್‌ಡೌನ್. ಇವೆರಡನ್ನೂ ಬಿಟ್ಟು ಒಳಗೆ ಹೋದವರಿಗೆ ಅದ್ಭುತವಾದ ಒಂದು ಕಟ್ಟಡ ಸಿಗುತ್ತದೆ, ಆ ಕಟ್ಟಡಕ್ಕಾಗಿ ಜನ ಏಕೆ ನಡೆದು ಬಂದರು ಎಂಬುದು ಸಿಗುವುದಿಲ್ಲ.

1170ರ ಡಿಸೆಂಬರ್ 29ರಂದು ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನನ್ನು ದೊರೆ ಎರಡನೆಯ ಹೆನ್ರಿಯ ನಾಲ್ವರು ಸರದಾರರು ಕ್ಯಾಥೆಡ್ರಲ್‌ನೊಳಗೇ ಕಡಿದು ಕೊಂದರು. ಚರ್ಚಿನ ಹಕ್ಕುಗಳ ವಿಷಯದಲ್ಲಿ ದೊರೆಗೂ ಅವನಿಗೂ ವರ್ಷಗಟ್ಟಲೆ ನಡೆದ ಜಗಳದ ಕೊನೆ ಅದು. 1173ರಲ್ಲಿ ಪೋಪ್ ಅವನನ್ನು ಸಂತನೆಂದು ಘೋಷಿಸಿದರು. 1220ರಲ್ಲಿ ಅವನ ಅಸ್ಥಿಯನ್ನು ನೆಲಮಾಳಿಗೆಯಿಂದ ಮೇಲಕ್ಕೆ ತಂದು ಚಿನ್ನ, ರತ್ನಗಳ ಗದ್ದುಗೆಯಲ್ಲಿ ಇರಿಸಿದರು. ಅಲ್ಲಿಂದ 1538ರಲ್ಲಿ ಎಂಟನೆಯ ಹೆನ್ರಿ ಆ ಗದ್ದುಗೆಯನ್ನು ಒಡೆಸಿ ಹಾಕುವವರೆಗೆ ಯುರೋಪಿನ ದೊಡ್ಡ ಯಾತ್ರಾಸ್ಥಳಗಳಲ್ಲಿ ಕ್ಯಾಂಟರ್‌ಬರಿಯೂ ಒಂದು. ಇಂದು ಗದ್ದುಗೆಯಿದ್ದ ಜಾಗದಲ್ಲಿ ಬರಿಯ ನೆಲ, ಅದರ ಮೇಲೊಂದು ಉರಿಯುವ ಮೇಣದಬತ್ತಿ. ಅಂದರೆ ಯಾವುದನ್ನು ಕಾಣಲು ಜನ ಬರುತ್ತಿದ್ದರೋ ಅದೇ ಕ್ಯಾಥೆಡ್ರಲ್‌ನಲ್ಲಿ ಈಗ ಇಲ್ಲ. ಅವರು ಬಂದ ದಾರಿ ಮಾತ್ರ ಇದೆ. ಆ ದಾರಿಯಲ್ಲಿ ಅವರು ನಿಂತ ಜಾಗಗಳಿವೆ, ಅವರಿಗಾಗಿ ಹುಟ್ಟಿದ ಛತ್ರಗಳಿವೆ, ಅವರ ಮುಂದೆ ಕೈಚಾಚಿದವರ ನೆಲೆ ಇದೆ. ಇವೆಲ್ಲ ಇರುವುದು ಗೋಡೆಯ ಹೊರಗೆ.

ಹಾರ್ಬಲ್‌ಡೌನ್‌ನಿಂದ ಶುರು ಮಾಡೋಣ, ಏಕೆಂದರೆ ಲಂಡನ್ ಕಡೆಯ ಯಾತ್ರಿಕರಿಗೆ ಅದೇ ಕೊನೆಯ ದಿಬ್ಬ. ಚಾಸರ್ ತನ್ನ ಕ್ಯಾಂಟರ್‌ಬರಿ ಕಥೆಗಳಲ್ಲಿ ಏರಿಳಿತದ ಒಂದು ಪುಟ್ಟ ಊರನ್ನು ಹೆಸರಿಸುತ್ತಾನೆ. ಅದು ಈ ಊರೇ ಎಂಬುದು ಬಹುಪಾಲು ವಿದ್ವಾಂಸರ ಮತ. ಇಲ್ಲಿ ಆರ್ಚ್‌ಬಿಷಪ್ ಲ್ಯಾನ್‌ಫ್ರಾಂಕ್ 1080ರ ದಶಕದಲ್ಲಿ, ಬೆಕೆಟ್ ಹುಟ್ಟುವುದಕ್ಕೂ ಮೊದಲೇ, ಕುಷ್ಠರೋಗಿಗಳಿಗಾಗಿ ಸೇಂಟ್ ನಿಕೋಲಸ್ ಹೆಸರಿನ ಆಶ್ರಯಧಾಮ ಕಟ್ಟಿಸಿದ. ಇಳಿಜಾರಿನಲ್ಲಿ ಮರದ ಮನೆಗಳನ್ನು ಕಟ್ಟಿಸಿ, ಗಂಡಸರಿಗೂ ಹೆಂಗಸರಿಗೂ ಬೇರೆಬೇರೆ ವಸತಿ ಮಾಡಿಸಿ, ಅವರ ಅನ್ನಬಟ್ಟೆಯ ಖರ್ಚನ್ನು ತಾನೇ ಹೊತ್ತ. ಊರು ಯಾರನ್ನು ಹೊರಗಿಡುತ್ತದೆ ಎಂಬುದು ಆ ಊರಿನ ಬಗ್ಗೆ ಏನು ಹೇಳುತ್ತದೆ ಎಂದು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಹೊರಕೇರಿಯ ಚರಿತ್ರೆ ನಮಗೆ ಗೊತ್ತು. ಆದರೂ ಎರಡನ್ನೂ ಒಂದೇ ಎನ್ನಲಾಗದು. ನಮ್ಮಲ್ಲಿ ಹೊರಗಿಟ್ಟದ್ದು ಹುಟ್ಟನ್ನು ನೋಡಿ, ಅಲ್ಲಿ ರೋಗವನ್ನು ನೋಡಿ. ಅದೂ ಅಲ್ಲದೆ ಲ್ಯಾನ್‌ಫ್ರಾಂಕ್ ಅವರನ್ನು ಕಣ್ಣಿಗೆ ಬೀಳದ ಮೂಲೆಗೆ ತಳ್ಳಲಿಲ್ಲ. ಲಂಡನ್ನಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲೇ ಇರಿಸಿದ. ಮುಂದೆ ಆ ರಸ್ತೆ ಯಾತ್ರಿಕರ ದಾರಿಯಾದಾಗ ಸಂತನ ಸನ್ನಿಧಿಗೆ ಹೋಗುವ ಪ್ರತಿಯೊಬ್ಬನೂ ಮೊದಲು ಇವರ ಮುಂದೆ ಹಾದುಹೋಗಬೇಕಾಯಿತು. ಹೊರಗಿಟ್ಟವರನ್ನು ಎಲ್ಲರಿಗೂ ಕಾಣುವಂತೆ ಇಟ್ಟದ್ದು ಕರುಣೆಯೋ, ಭಿಕ್ಷೆಯ ಲೆಕ್ಕಾಚಾರವೋ? ಎರಡೂ ಇರಬೇಕು ಎಂದೇ ನನ್ನ ಎಣಿಕೆ. ಆಶ್ರಯಧಾಮದ ಹಳೆಯ ಚರ್ಚು ಇಂದಿಗೂ ಅಲ್ಲಿದೆ. ಅದರ ನೆಲ ಒಂದು ಕಡೆಗೆ ಇಳಿಜಾರಾಗಿದೆ, ರೋಗಿಗಳು ಎದ್ದು ಹೋದ ಮೇಲೆ ನೀರು ಹೊಯ್ದು ತೊಳೆಯಲು ಹಾಗೆ ಮಾಡಿದ್ದರೆಂದು ಸ್ಥಳೀಯರು ಹೇಳುತ್ತಾ ಬಂದಿದ್ದಾರೆ. ಕುಷ್ಠರೋಗ ಇಂಗ್ಲೆಂಡಿನಿಂದ ಮರೆಯಾದ ಮೇಲೆ ಇದು ಬಡ ವೃದ್ಧರ ವಸತಿಯಾಯಿತು, ಈಗಲೂ ಅಲ್ಲಿನ ಮನೆಗಳಲ್ಲಿ ವಯಸ್ಸಾದವರೇ ಇದ್ದಾರೆ.

ದಿಬ್ಬ ಇಳಿದು ಊರಿನ ಕಡೆಗೆ ಬಂದರೆ ಸೇಂಟ್ ಡನ್‌ಸ್ಟನ್ ಚರ್ಚು. ಹೊರಗಿನಿಂದ ನೋಡಿದರೆ ಇಂಗ್ಲೆಂಡಿನ ನೂರಾರು ಊರುಗಳಲ್ಲಿ ಕಾಣುವಂಥದೇ, ಚಕಮಕಿ ಕಲ್ಲಿನ ಗೋಡೆಯ ಸಾದಾ ಚರ್ಚು. ಆದರೆ ಇಂಗ್ಲೆಂಡಿನ ರಾಜ್ಯಾಧಿಕಾರಕ್ಕೂ ಧರ್ಮಕ್ಕೂ ನಡೆದ ಹೋರಾಟದ ಎರಡು ತುದಿಗಳು ಸೇರಿರುವ ಇಂಥ ಜಾಗ ಇನ್ನೊಂದು ನನಗೆ ತಿಳಿದಿಲ್ಲ. 1174ರ ಜುಲೈ 12ರಂದು ಎರಡನೆಯ ಹೆನ್ರಿ ಪ್ರಾಯಶ್ಚಿತ್ತಕ್ಕೆಂದು ಬಂದ. ಸ್ವಂತ ಮಕ್ಕಳೇ ದಂಗೆ ಎದ್ದಿದ್ದರು, ಉತ್ತರದಲ್ಲಿ ಸ್ಕಾಟ್‌ಲೆಂಡಿನ ದೊರೆ ದಂಡೆತ್ತಿ ಬಂದಿದ್ದ. ಹೆನ್ರಿ ಹಾರ್ಬಲ್‌ಡೌನ್‌ನಲ್ಲಿ ನಿಂತು ಕುಷ್ಠರೋಗಿಗಳಿಗೆ ವರ್ಷಕ್ಕೆ 20 ಮಾರ್ಕ್‌ಗಳ ದತ್ತಿ ಬಿಟ್ಟ. ಸೇಂಟ್ ಡನ್‌ಸ್ಟನ್ ಚರ್ಚಿನಲ್ಲಿ ರಾಜವೇಷ ತೆಗೆದಿಟ್ಟು, ಒರಟು ಬಟ್ಟೆ ತೊಟ್ಟು, ಅಲ್ಲಿಂದ ಬೆಕೆಟ್‌ನ ಸಮಾಧಿಯವರೆಗೆ ಬರಿಗಾಲಲ್ಲಿ ನಡೆದ. ಸಮಾಧಿಯ ಮುಂದೆ ಬಿಷಪ್‌ಗಳೂ ಸನ್ಯಾಸಿಗಳೂ ಸರದಿಯ ಮೇಲೆ ಅವನ ಬೆನ್ನಿಗೆ ಹೊಡೆದರು. ಮಾರನೆಯ ದಿನವೇ ಸ್ಕಾಟ್‌ಲೆಂಡಿನ ದೊರೆ ಸೆರೆಸಿಕ್ಕ. ಸಂತ ಕ್ಷಮಿಸಿದನೆಂದು ಜನ ನಂಬಿದರು.

ಇನ್ನೊಂದು ತುದಿ ಅದೇ ಚರ್ಚಿನ ರೋಪರ್ ಕುಟುಂಬದ ಉಪಮಂದಿರದಲ್ಲಿದೆ. ಎಂಟನೆಯ ಹೆನ್ರಿಯನ್ನು ಚರ್ಚಿನ ಮುಖ್ಯಸ್ಥನೆಂದು ಒಪ್ಪದ ಥಾಮಸ್ ಮೋರ್‌ನ ತಲೆಯನ್ನು 1535ರ ಜುಲೈ 6ರಂದು ಕಡಿದು, ಲಂಡನ್ ಸೇತುವೆಯ ಮೇಲೆ ಸಿಕ್ಕಿಸಿದರು. ಮಗಳು ಮಾರ್ಗರೆಟ್ ರೋಪರ್ ಅದನ್ನು ಪಡೆದು ಕಾಪಾಡಿಕೊಂಡಳು. ಅವಳು ತೀರಿಕೊಂಡ ಮೇಲೆ ಅದು ಗಂಡನ ಮನೆತನದ ಈ ನೆಲಮಾಳಿಗೆಗೆ ಬಂತು. ಬೀದಿಯಾಚೆ ರೋಪರ್ ಮನೆಯ ಇಟ್ಟಿಗೆಯ ಹೆಬ್ಬಾಗಿಲು ಇನ್ನೂ ನಿಂತಿದೆ. ಇಬ್ಬರು ಥಾಮಸರೂ ತಮ್ಮ ತಮ್ಮ ದೊರೆಗೆ ಚಾನ್ಸಲರ್ ಆಗಿದ್ದವರು, ಇಬ್ಬರೂ ಅದೇ ದೊರೆಗೆ ಎದುರು ನಿಂತು ಸತ್ತವರು. ಒಬ್ಬ ಹೆನ್ರಿ ಸತ್ತವನ ಮುಂದೆ ಬಾಗಲು ಇಲ್ಲಿ ಪಾದರಕ್ಷೆ ಬಿಟ್ಟ. ಇನ್ನೊಬ್ಬ ಹೆನ್ರಿ ಮೋರ್‌ನನ್ನು ಕೊಲ್ಲಿಸಿದ ಮೂರೇ ವರ್ಷಕ್ಕೆ ಬೆಕೆಟ್‌ನ ಗದ್ದುಗೆಯನ್ನೂ ಅಳಿಸಿದ. ದೊರೆಗೆ ಎದುರಾಡಿದವನನ್ನು ಪೂಜಿಸುವುದು ಅವನಿಗೆ ಸಹಿಸದ ಸಂಗತಿ. ಈ ಕಥೆಯ ಮೊದಲರ್ಧ ಕ್ಯಾಥೆಡ್ರಲ್‌ನಲ್ಲಿ ಸಿಗುತ್ತದೆ. ಎರಡೂ ಒಟ್ಟಿಗೆ ಸಿಗುವುದು ಹೊರಪೇಟೆಯ ಈ ಚರ್ಚಿನಲ್ಲಿ.

ಇಲ್ಲಿಂದ ಕೋಟೆಬಾಗಿಲಿನವರೆಗಿನ ಬೀದಿ ನೇರವಾಗಿದೆ, ಅಗಲವಾಗಿದೆ, ಮರದ ಚೌಕಟ್ಟಿನ ಹಳೆಯ ಮನೆಗಳಿಂದ ತುಂಬಿದೆ. ಕತ್ತಲಾದ ಮೇಲೆ ಊರಬಾಗಿಲು ಮುಚ್ಚುತ್ತಿದ್ದರು, ತಡವಾಗಿ ಬಂದವರು ಹೊರಗೇ ಉಳಿಯಬೇಕಿತ್ತು. ಛತ್ರಗಳು ಹುಟ್ಟಿದ್ದು ಹಾಗೆ. ವೆಸ್ಟ್‌ಗೇಟ್ ಎಂಬ ಈ ಬಾಗಿಲನ್ನು ಸುಮಾರು 1380ರಲ್ಲಿ ಆರ್ಚ್‌ಬಿಷಪ್ ಸೈಮನ್ ಸಡ್‌ಬರಿ ಮತ್ತೆ ಕಟ್ಟಿಸಿದ. ಮರುವರ್ಷ ರೈತರ ದಂಗೆಯಲ್ಲಿ ಅವನೇ ಹತನಾದ. ಫ್ರೆಂಚರ ದಾಳಿಯ ಭಯದಲ್ಲಿ ಕಟ್ಟಿದ ಇದರ ಗೋಪುರಗಳಲ್ಲಿ ಫಿರಂಗಿಗೆಂದೇ ಕೊರೆದ ಕಿಂಡಿಗಳಿವೆ. ಊರಿನ ಉಳಿದ ಬಾಗಿಲುಗಳನ್ನೆಲ್ಲ ಮುಂದೆ ಕೆಡವಿದರು, ಇದೊಂದು ಉಳಿಯಿತು. ಒಳಗಿನಿಂದ ಬಂದವರಿಗೆ ಇದು ಬೀದಿಯ ಕೊನೆಯಲ್ಲಿ ನಿಂತ ಒಂದು ಹಳೆಯ ಕಟ್ಟಡ. ಹೊರಗಿನಿಂದ ಬಂದವರಿಗಷ್ಟೇ ಅದು ತಡೆದು ನಿಲ್ಲಿಸುವ ಬಾಗಿಲಾಗಿ ಕಾಣುತ್ತದೆ.

ಒಳಗನ್ನೂ ಹೊರಗನ್ನೂ ಜೊತೆಗಿಟ್ಟು ನೋಡಿದಾಗ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಸಾಕ್ಷಿ ವಿದ್ವಾಂಸ ಎರಾಸ್ಮಸ್. ಹದಿನಾರನೆಯ ಶತಮಾನದ ಎರಡನೆಯ ದಶಕದಲ್ಲಿ, ಗದ್ದುಗೆ ಇನ್ನೂ ವೈಭವದಲ್ಲಿದ್ದಾಗ, ಅವನು ಗೆಳೆಯ ಜಾನ್ ಕಾಲೆಟ್ ಜೊತೆ ಇಲ್ಲಿಗೆ ಬಂದ. ಅದನ್ನೇ ಆಧಾರವಾಗಿಸಿ ಮುಂದೆ ತೀರ್ಥಯಾತ್ರೆಯನ್ನು ಕುರಿತ ಸಂವಾದವೊಂದನ್ನು ಬರೆದ. ಕ್ಯಾಥೆಡ್ರಲ್‌ನೊಳಗೆ ಅವರಿಗೆ ಕಂಡದ್ದು ಚಿನ್ನ, ರತ್ನ, ಅಸ್ಥಿಗಳು. ಬದುಕಿದ್ದಾಗ ಬಡವರಿಗೆ ಕೊಟ್ಟ ಸಂತ ಈ ಸಂಪತ್ತಿನಲ್ಲಿ ಒಂದಿಷ್ಟು ಬಡವರಿಗೆ ಹೋದರೆ ಸಂತೋಷಪಡನೇ ಎಂದು ಕಾಲೆಟ್ ಕೇಳಿಬಿಟ್ಟ, ಕಾವಲಿದ್ದವನು ಕೆಂಡವಾದ. ಲಂಡನ್ನಿಗೆ ಮರಳುವಾಗ, ರಸ್ತೆ ಕಿರಿದಾಗಿ ಏರುವ ಕಡೆ, ಆಶ್ರಯಧಾಮದಿಂದ ಮುದುಕನೊಬ್ಬ ಓಡಿಬಂದು ತೀರ್ಥ ಚಿಮುಕಿಸಿ, ಬೆಕೆಟ್‌ನದೆಂದು ಹಳೆಯ ಪಾದರಕ್ಷೆಯ ಚರ್ಮದ ತುಂಡನ್ನು ಮುತ್ತಿಡಲು ಚಾಚಿದ. ಕಾಲೆಟ್ ಸಿಡಿದುಬಿದ್ದ. ಎರಾಸ್ಮಸ್ ಮುದುಕನ ಮೇಲಿನ ಮರುಕಕ್ಕೆ ಒಂದು ಕಾಸು ಕೊಟ್ಟು ಮುಂದೆ ನಡೆದ. ಈ ಎರಡು ದೃಶ್ಯಗಳಲ್ಲಿ ಒಂದನ್ನು ತೆಗೆದರೆ ಆ ಬರಹ ಬಿದ್ದುಹೋಗುತ್ತದೆ. ಗದ್ದುಗೆಯ ರತ್ನವನ್ನು ಅಳೆಯುವ ಮಾನದಂಡ ಅವರಿಗೆ ಸಿಕ್ಕಿದ್ದು ದಿಬ್ಬದ ಮೇಲೆ, ಗಾಜಿನ ಚೂರು ಕೂರಿಸಿದ್ದ ಆ ಚರ್ಮದಲ್ಲಿ.

ಪೂರ್ವ ದಿಕ್ಕಿನ ಹೊರಭಾಗವೂ ಇದನ್ನೇ ಹೇಳುತ್ತದೆ. ಯುನೆಸ್ಕೊ 1988ರಲ್ಲಿ ಕ್ಯಾಂಟರ್‌ಬರಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಹೆಸರಿಸಿದ್ದು ಮೂರು ತಾಣಗಳನ್ನು: ಕ್ಯಾಥೆಡ್ರಲ್, ಸೇಂಟ್ ಅಗಸ್ಟೀನ್ ಮಠ, ಸೇಂಟ್ ಮಾರ್ಟಿನ್ ಚರ್ಚು. ಮೂರರಲ್ಲಿ ಎರಡು ಗೋಡೆಯ ಹೊರಗಿವೆ. ಕೆಂಟ್‌ನ ದೊರೆ ಎಥೆಲ್‌ಬರ್ಟ್‌ನನ್ನು ಮದುವೆಯಾಗಿ ಬಂದ ಫ್ರಾಂಕ್ ರಾಜಕುಮಾರಿ ಬರ್ತಾ ಕ್ರೈಸ್ತಳು. ಅವಳು ತನ್ನ ಪ್ರಾರ್ಥನೆಗೆ ಬಳಸಿದ್ದು ಸೇಂಟ್ ಮಾರ್ಟಿನ್ ಚರ್ಚನ್ನು, 597ರಲ್ಲಿ ರೋಮ್‌ನಿಂದ ಅಗಸ್ಟೀನ್ ಬಂದಾಗ ಮೊದಲು ನೆಲೆ ನಿಂತದ್ದೂ ಅಲ್ಲಿಯೇ. ರೋಮನ್ ಇಟ್ಟಿಗೆಗಳು ಗೋಡೆಯಲ್ಲಿ ಎದ್ದು ಕಾಣುವ ಆ ಚರ್ಚಿನಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತದೆ. ಸತ್ತವರನ್ನು ಊರೊಳಗೆ ಹೂಳಬಾರದೆಂಬ ರೋಮನ್ ಕಾಲದ ಕಟ್ಟಳೆಯ ಕಾರಣ ಅಗಸ್ಟೀನ್ ತನ್ನ ಮಠವನ್ನು ಹೊರಗೆ ಕಟ್ಟಿದ, ದೊರೆಗಳೂ ಮೊದಲ ಆರ್ಚ್‌ಬಿಷಪ್‌ಗಳೂ ಅಲ್ಲಿಯೇ ಮಣ್ಣಾದರು. ಕ್ಯಾಥೆಡ್ರಲ್‌ನ ಹಿರಿಮೆ ಆಮೇಲೆ ಬಂದದ್ದು, ಮೊದಲ ಅಧ್ಯಾಯ ನಡೆದದ್ದು ಹೊರಗೆ.

ಇದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಒಂದಿದೆ. ಬೇಕಾದದ್ದೆಲ್ಲ ಕ್ಯಾಥೆಡ್ರಲ್‌ನಲ್ಲೇ ಇದೆಯಲ್ಲ, ಹದಿಮೂರನೆಯ ಶತಮಾನದ ಬಣ್ಣದ ಗಾಜಿನ ಕಿಟಕಿಗಳಲ್ಲಿ ಯಾತ್ರಿಕರು, ಹುಚ್ಚು ಹಿಡಿದವರು, ಕುಷ್ಠರೋಗಿಗಳು ಎಲ್ಲರೂ ಇದ್ದಾರಲ್ಲ ಎಂದು ಕೇಳಬಹುದು. ಇದ್ದಾರೆ, ಆ ಕಿಟಕಿಗಳನ್ನು ಎಷ್ಟು ಹೊತ್ತು ನೋಡಿದರೂ ಸಾಲದು. ಆದರೆ ಅವು ಬೆಕೆಟ್‌ನ ಪವಾಡಗಳ ಚಿತ್ರ, ಅಲ್ಲಿರುವವರು ವಾಸಿಯಾದವರು. ವಾಸಿಯಾಗದವರು ಹಾರ್ಬಲ್‌ಡೌನ್‌ನಲ್ಲಿದ್ದರು. ಗಾಜಿನಲ್ಲಿರುವುದು ಸನ್ಯಾಸಿಗಳು ಹೇಳಬಯಸಿದ ಕಥೆ, ದಿಬ್ಬದ ಮೇಲಿರುವುದು ಅವರು ದಿನವೂ ನಿಭಾಯಿಸಬೇಕಾಗಿದ್ದ ಬದುಕು.

ಸಮಯವಿಲ್ಲ ಎಂಬ ಮಾತು ಬಸ್ಸಿನವರಿಗೆ ನಿಜ, ಊರಿನ ಮಟ್ಟಿಗೆ ನಿಜವಲ್ಲ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಿಂದ ವೇಗದ ರೈಲು ಸುಮಾರು ಒಂದು ಗಂಟೆಯಲ್ಲಿ ಕ್ಯಾಂಟರ್‌ಬರಿ ವೆಸ್ಟ್ ನಿಲ್ದಾಣಕ್ಕೆ ತಂದು ಬಿಡುತ್ತದೆ. ಆ ನಿಲ್ದಾಣ ಇರುವುದೇ ಈ ಹೊರಪೇಟೆಯಲ್ಲಿ. ಹೊರಗೆ ಬಂದು ಮುಖ್ಯ ಬೀದಿ ಸೇರಿದವರೆಲ್ಲ ಎಡಕ್ಕೆ, ವೆಸ್ಟ್‌ಗೇಟ್ ಕಡೆಗೆ ತಿರುಗುತ್ತಾರೆ. ಬಲಕ್ಕೆ ತಿರುಗಿದರೆ ಕೆಲವೇ ನಿಮಿಷಗಳ ನಡಿಗೆಯಲ್ಲಿ ಸೇಂಟ್ ಡನ್‌ಸ್ಟನ್ ಚರ್ಚು. ಮಂಡಿನೋವಿನ ಹಿರಿಯರು ಹಾರ್ಬಲ್‌ಡೌನ್‌ವರೆಗೆ ಟ್ಯಾಕ್ಸಿಯಲ್ಲಿ ಹೋಗಿ ನಡೆದು ಇಳಿಯಬಹುದು. ಯಾತ್ರಿಕರು ಬಂದ ದಿಕ್ಕೂ ಅದೇ, ಕ್ಯಾಥೆಡ್ರಲ್ ಅವರಿಗೆ ಕಂಡದ್ದೂ ಆ ಎತ್ತರದಿಂದಲೇ. ಎಲ್ಲ ಸೇರಿ ಎರಡು ಗಂಟೆ ಹೆಚ್ಚು ಬೇಕಾದೀತು, ಅದಕ್ಕಾಗಿ ಅವತ್ತಿನ ಲೀಡ್ಸ್ ಕ್ಯಾಸಲ್ ಬಿಟ್ಟರೆ ನಷ್ಟವೇನಿಲ್ಲ.

ಅಲ್ಲಿ ನೋಡುವಂಥದ್ದು ಕಡಿಮೆ ಎನ್ನುವವರೂ ಇದ್ದಾರೆ. ಕಣ್ಣು ಕೋರೈಸುವಂಥದ್ದು ಕಡಿಮೆ, ಒಪ್ಪುತ್ತೇನೆ. ಆದರೆ ಗೋಡೆಯೊಳಗೆ ಎಲ್ಲವೂ ಹಳೆಯದು ಎಂಬ ಭ್ರಮೆಯೂ ಬೇಡ. 1942ರ ಜೂನ್ 1ರ ಜರ್ಮನ್ ಬಾಂಬ್ ದಾಳಿಯಲ್ಲಿ ಊರೊಳಗಿನ ಪೂರ್ವಭಾಗದ ಬೀದಿಗಳು ಸುಟ್ಟುಹೋದವು. ನಾಟಕಕಾರ ಕ್ರಿಸ್ಟೊಫರ್ ಮಾರ್ಲೊಗೆ ದೀಕ್ಷಾಸ್ನಾನ ಮಾಡಿಸಿದ ಸೇಂಟ್ ಜಾರ್ಜ್ ಚರ್ಚಿನಲ್ಲಿ ಉಳಿದದ್ದು ಗೋಪುರವೊಂದೇ. ಪ್ರವಾಸಿಗರು ಓಡಾಡುವ ಅಂಗಡಿಬೀದಿಯ ಒಂದು ಭಾಗ ಯುದ್ಧದ ನಂತರ ಕಟ್ಟಿದ್ದು.

ನನಗೆ ನಿಜಕ್ಕೂ ತೂಕದ್ದೆನಿಸುವ ಆಕ್ಷೇಪ ಅಲ್ಲಿ ವಾಸಿಸುವವರದು. ಸೇಂಟ್ ಡನ್‌ಸ್ಟನ್ಸ್ ಜನ ವಾಸಿಸುವ ಬಡಾವಣೆ, ಅದರ ಬೀದಿ ವಾಹನಗಳಿಂದ ಮೊದಲೇ ಕಿಕ್ಕಿರಿದಿದೆ. ಸೇಂಟ್ ನಿಕೋಲಸ್ ವೃದ್ಧರ ಮನೆ, ಅವರ ಅಂಗಳ ನಮ್ಮ ಫೋಟೊಗಳಿಗಾಗಿ ಇರುವುದಲ್ಲ. ಹಾಗಾಗಿ ಬಸ್ಸುಗಳನ್ನು ಇಲ್ಲಿಗೆ ತಿರುಗಿಸಿ ಎಂದು ಯಾವ ಪ್ರವಾಸ ಸಂಸ್ಥೆಗೂ ನಾನು ಹೇಳುವುದಿಲ್ಲ. ಇದು ಇಬ್ಬರು ಮೂವರು ಜೊತೆಯಾಗಿ ನಡೆದು ನೋಡುವ ಜಾಗ. ಡನ್‌ಸ್ಟನ್ ಚರ್ಚು ಇಂದಿಗೂ ಆ ಪೇಟೆಯವರ ಪ್ರಾರ್ಥನೆಯ ಸ್ಥಳ, ಪೂಜೆಯ ಹೊತ್ತು ತಪ್ಪಿಸಿ ಹೋಗಬೇಕು. ಸೇಂಟ್ ನಿಕೋಲಸ್‌ನ ಚರ್ಚು ಬೀಗ ಹಾಕಿದ್ದರೆ ರಸ್ತೆಯಿಂದಲೇ ನೋಡಿ ಇಳಿದು ಬರಬೇಕು. ಅಲ್ಲಿಂದ ವೆಸ್ಟ್‌ಗೇಟ್ ಹಾದು ಮಧ್ಯಾಹ್ನ ಕ್ಯಾಥೆಡ್ರಲ್ ಸೇರಿ, ಟಿಕೆಟ್ ಕೊಂಡು ಒಳಗೆ ಹೋದವರು ಗದ್ದುಗೆಯ ಖಾಲಿ ನೆಲದ ಮುಂದೆ ನಿಂತಾಗ, ಅಲ್ಲಿ ಏನಿತ್ತು, ಯಾರಿಗಾಗಿ ಇತ್ತು, ಯಾರನ್ನು ದಾಟಿ ಅಲ್ಲಿಗೆ ಬರಬೇಕಿತ್ತು ಎಂದು ಗೈಡ್‌ನನ್ನು ಕೇಳಬೇಕಾಗಿರುವುದಿಲ್ಲ.